ಉಪಕರಣ ಪ್ರಶ್ನೋತ್ತರ: ಮನೆಯ ಕೆಲಸಕ್ಕೆ ಎಂಥ ಕಾರ್ಡ್‌ಲೆಸ್ ಡ್ರಿಲ್ ಕೊಳ್ಳಬೇಕು?

ಪ್ರಶ್ನೆ: ನಮ್ಮದು ಕೆಂಪುಕಲ್ಲಿನ ಗೋಡೆಯ ಹಳೆಯ ಮನೆ. ಹಿಂಭಾಗದಲ್ಲಿ ಈಚೆಗೆ ಕಟ್ಟಿಸಿದ ಎರಡು ಕೋಣೆಗಳಿಗೆ ಮಾತ್ರ ಕಾಂಕ್ರೀಟಿನ ಕಂಬ ಮತ್ತು ಬೀಮುಗಳಿವೆ. ನಿವೃತ್ತಿಯ ನಂತರ ಕೊಟ್ಟಿಗೆಯ ಒಂದು ಬದಿಯಲ್ಲಿ ಸಣ್ಣ ಪ್ರಮಾಣದ ಮರಗೆಲಸ ಶುರು ಮಾಡಿದ್ದೇನೆ. ಹಲಸು, ತೇಗದ ಹಲಗೆಗಳಿಗೆ ತೂತು ಕೊರೆಯುವುದು, ಸ್ಕ್ರೂ ಹಾಕುವುದು, ಕಪಾಟಿನ ಬಾಗಿಲಿಗೆ ಹಿಂಜ್ ಕೂರಿಸುವುದು, ಅಪರೂಪಕ್ಕೆ ಗೋಡೆಗೆ ಪರದೆಯ ರಾಡ್ ಹಾಕುವುದು, ಇಷ್ಟೇ ನನ್ನ ಕೆಲಸ. ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಬ್ಯಾಟರಿಯ ಮಷೀನೇ ಬೇಕು. ಅಂಗಡಿಯಲ್ಲಿ 12, 18, 20, 21 ಮತ್ತು 48 ವೋಲ್ಟ್ ಎಂದು ಬರೆದ ಮಷೀನುಗಳು ಒಂದೇ ಸಾಲಿನಲ್ಲಿದ್ದವು. 48 ಎಂದು ಬರೆದದ್ದೇ ಎಲ್ಲಕ್ಕಿಂತ ಅಗ್ಗವಾಗಿತ್ತು. ಯಾವುದನ್ನು ಕೊಳ್ಳಲಿ?
— ಓದುಗರು, ಶಿರಸಿ

ಉತ್ತರ: ನೀವು ಹೇಳಿದ ಕೆಲಸಗಳಿಗೆ 12 ವೋಲ್ಟಿನ, ಎರಡು ಗೇರುಗಳಿರುವ, ಎರಡು ಬ್ಯಾಟರಿಗಳ ಸಮೇತ ಬರುವ ಸಣ್ಣ ಡ್ರಿಲ್ ಧಾರಾಳವಾಗಿ ಸಾಕು. ಕಾಂಕ್ರೀಟಿನ ಕಂಬ ಮತ್ತು ಬೀಮುಗಳಿಗೆ ಮಾತ್ರ ಅದನ್ನು ನೆಚ್ಚಬೇಡಿ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವೋಲ್ಟಿನ ಅಂಕಿಗಳ ಗೊಂದಲದಲ್ಲಿ ಹಣ ಕಳೆದುಕೊಂಡವರು ಬರೆದ ಪತ್ರಗಳು ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತಿವೆ.

ಇಂದಿನ ಕಾರ್ಡ್‌ಲೆಸ್ ಮಷೀನುಗಳ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಲಿಥಿಯಂ ಅಯಾನ್ ಸೆಲ್ಲುಗಳಿರುತ್ತವೆ. ಇಂಥ ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6, ಪೂರ್ತಿ ಚಾರ್ಜ್ ಆದಾಗ 4.2. ಮೂರು ಸೆಲ್ಲುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದರೆ ಸಾಮಾನ್ಯ ಲೆಕ್ಕದಲ್ಲಿ 10.8 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 12.6 ವೋಲ್ಟ್ ಸಿಗುತ್ತದೆ. ಪೆಟ್ಟಿಗೆಯ ಮೇಲಿನ 12 ಎಂಬ ಅಂಕಿ ಬಂದದ್ದು ಹೀಗೆ. ಐದು ಸೆಲ್ಲುಗಳಾದರೆ ಸಾಮಾನ್ಯ ಲೆಕ್ಕದಲ್ಲಿ 18, ಪೂರ್ತಿ ಚಾರ್ಜಿನಲ್ಲಿ 21. ಆದ್ದರಿಂದ ನೀವು ಕಂಡ 18, 20 ಮತ್ತು 21 ವೋಲ್ಟಿನ ಮಷೀನುಗಳು ಬ್ಯಾಟರಿಯ ಮಟ್ಟಿಗೆ ಒಂದೇ ವರ್ಗದವು. ಒಬ್ಬರು ಸಾಮಾನ್ಯ ಅಂಕಿಯನ್ನು ಅಚ್ಚು ಹಾಕಿಸಿದ್ದಾರೆ, ಇನ್ನೊಬ್ಬರು ಗರಿಷ್ಠ ಅಂಕಿಯನ್ನು ಹಾಕಿಸಿದ್ದಾರೆ, ಅಷ್ಟೇ ವ್ಯತ್ಯಾಸ.

ಇನ್ನು 48 ವೋಲ್ಟಿನ ವಿಷಯ. ಸಾಮಾನ್ಯ ಲೆಕ್ಕದಲ್ಲಿ ನಿಜವಾಗಿ ಅಷ್ಟು ವೋಲ್ಟ್ ಬೇಕಾದರೆ ಹದಿಮೂರು ಹದಿನಾಲ್ಕು ಸೆಲ್ಲುಗಳಾದರೂ ಬೇಕು. ಈ ಬ್ಯಾಟರಿಗಳಲ್ಲಿ ಬಹಳವಾಗಿ ಬಳಕೆಯಾಗುವ, 18 ಮಿಲಿಮೀಟರ್ ದಪ್ಪ ಮತ್ತು 65 ಮಿಲಿಮೀಟರ್ ಉದ್ದದ ಸೆಲ್ ಒಂದು ಸುಮಾರು 45 ಗ್ರಾಂ ತೂಗುತ್ತದೆ. ಹದಿಮೂರು ಸೆಲ್ಲುಗಳೆಂದರೆ ಬ್ಯಾಟರಿಯೊಂದೇ ಅರ್ಧ ಕಿಲೋ ಮೀರಬೇಕು. ಅಂಗೈಯಲ್ಲಿ ಹಿಡಿಸುವ ಹಗುರ ಬ್ಯಾಟರಿಯ ಮೇಲೆ 48 ಎಂದೋ 88 ಎಂದೋ ಬರೆದು, ಮುಂದೆ ಒಂದೆರಡು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದ್ದರೆ, ಅದು ಕೊಳ್ಳುವವರನ್ನು ದಾರಿ ತಪ್ಪಿಸುವ ಅಂಕಿ ಎಂದೇ ತಿಳಿಯಿರಿ. ಪರೀಕ್ಷಿಸಲು ಸುಲಭ ಉಪಾಯವಿದೆ. ಬ್ಯಾಟರಿಯ ಚೀಟಿಯಲ್ಲಿ ವ್ಯಾಟ್ ಅವರ್ (Wh, ಬ್ಯಾಟರಿಯಲ್ಲಿ ತುಂಬುವ ಒಟ್ಟು ಶಕ್ತಿ) ಮತ್ತು ಆಂಪಿಯರ್ ಅವರ್ (Ah, ಅದು ಹಿಡಿದಿಡುವ ಚಾರ್ಜಿನ ಪ್ರಮಾಣ) ಎರಡನ್ನೂ ಬರೆದಿದ್ದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 36 ವ್ಯಾಟ್ ಅವರ್, 2 ಆಂಪಿಯರ್ ಅವರ್ ಎಂದಿದ್ದರೆ ಅದು 18 ವೋಲ್ಟಿನ ಬ್ಯಾಟರಿ. ಈ ಎರಡು ಅಂಕಿಗಳನ್ನೂ ಬರೆಯದೆ ಬರೀ ದೊಡ್ಡ ವೋಲ್ಟನ್ನು ಸಾರುವ ಮಷೀನನ್ನು ಅಗ್ಗವೆಂದು ಕೊಳ್ಳಬೇಡಿ.

ಹಾಗಾದರೆ 12 ಮತ್ತು 18ರ ನಡುವೆ ಆಯ್ಕೆ ಹೇಗೆ? ಒಳ್ಳೆಯ 12 ವೋಲ್ಟಿನ ಡ್ರಿಲ್ ಸುಮಾರು 30 ನ್ಯೂಟನ್ ಮೀಟರಿನ ಟಾರ್ಕ್, ಅಂದರೆ ತಿರುಚುವ ಬಲ, ಕೊಡುತ್ತದೆ. ಬ್ಯಾಟರಿಯೂ ಸೇರಿ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. 18 ವೋಲ್ಟಿನ ಸಣ್ಣ ಮಾದರಿಗಳಲ್ಲಿ ಟಾರ್ಕ್ 50ರಿಂದ 60ರ ಆಸುಪಾಸಿನಲ್ಲಿರುತ್ತದೆ, ತೂಕವೂ ಒಂದೂವರೆ ಕಿಲೋದ ಹತ್ತಿರ ಹೋಗುತ್ತದೆ. ಕಾಗದದ ಮೇಲೆ ಅರ್ಧ ಕಿಲೋ ಅಲ್ಪವೆಂದು ಕಾಣಬಹುದು. ಆದರೆ ಕಪಾಟಿನೊಳಗೆ ಕೈ ತೂರಿಸಿ, ತಲೆಯ ಮಟ್ಟಕ್ಕಿಂತ ಮೇಲೆ ಹಿಡಿದು ಸ್ಕ್ರೂ ಹಾಕುವಾಗ ಮಣಿಕಟ್ಟಿಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅದಲ್ಲದೆ 12 ವೋಲ್ಟಿನ ಮಷೀನಿನ ತಲೆ ಗಿಡ್ಡವಾಗಿರುವುದರಿಂದ ಇಕ್ಕಟ್ಟಿನ ಮೂಲೆಗಳಿಗೂ ಅದು ಹೋಗುತ್ತದೆ. ದಿನವಿಡೀ ದಪ್ಪ ತೊಲೆಗಳಿಗೆ ದೊಡ್ಡ ತೂತು ಕೊರೆಯುವ ಬಡಗಿಗೆ 18 ಬೇಕು, ನಿಮಗೆ ಬೇಡ.

ಹಲಸು ಮತ್ತು ತೇಗಕ್ಕೆ ನೇರವಾಗಿ ಸ್ಕ್ರೂ ತಿರುಗಿಸುವ ಅಭ್ಯಾಸ ಒಳ್ಳೆಯದಲ್ಲ. ಅಂಚಿನ ಬಳಿ ಮರ ಸೀಳುತ್ತದೆ, ಮಷೀನಿಗೂ ಅನಗತ್ಯ ಶ್ರಮ. 8ನೇ ನಂಬರಿನ ಸ್ಕ್ರೂವಿಗೆ ಮೊದಲು 3 ಮಿಲಿಮೀಟರಿನ ತೂತು ಕೊರೆದು, ಸ್ಕ್ರೂವಿನ ಥ್ರೆಡ್ಡಿಗೆ ಸ್ವಲ್ಪ ಮೇಣ ಸವರಿ ಹಾಕಿದರೆ ಸಣ್ಣ ಮಷೀನೂ ನಿರಾಯಾಸವಾಗಿ ಕೆಲಸ ಮಾಡುತ್ತದೆ. ಕಪಾಟಿನ ಒಳಹಿಂಜಿಗೆ ಬೇಕಾದ 35 ಮಿಲಿಮೀಟರಿನ ಬಟ್ಟಲಿನಾಕಾರದ ಕುಳಿಯನ್ನು ಕೊರೆಯಲು ಹರಿತವಾದ ಬಿಟ್, ಅಂದರೆ ತೂತು ಕೊರೆಯುವ ಅಲಗು, ಹಾಕಿ, ಗೇರನ್ನು ಒಂದರಲ್ಲಿಟ್ಟು ನಿಧಾನವಾಗಿ ಒತ್ತಿ. ಒಂದನೇ ಗೇರಿನಲ್ಲಿ ವೇಗ ಕಡಿಮೆ, ಬಲ ಹೆಚ್ಚು. ಎರಡನೇ ಗೇರು ಸಣ್ಣ ಬಿಟ್ಟುಗಳಿಂದ ತೂತು ಕೊರೆಯುವುದಕ್ಕೆ. ಬಿಟ್ಟನ್ನು ಹಿಡಿದುಕೊಳ್ಳುವ ಮುಂದಿನ ಭಾಗವೇ ಚಕ್ಕು, ಅದರ ಹಿಂದೆ ಅಂಕಿಗಳಿರುವ ಉಂಗುರವೇ ಕ್ಲಚ್. ಸ್ಕ್ರೂ ಹಾಕುವಾಗ ಚಿಕ್ಕ ಅಂಕಿಯಿಂದ ಆರಂಭಿಸಿ ಬೇಕಾದಷ್ಟೇ ಏರಿಸುತ್ತ ಹೋದರೆ, ಸ್ಕ್ರೂವಿನ ತಲೆ ಹಲಗೆಯೊಳಗೆ ಮುಳುಗುವ ಮುನ್ನವೇ ಮಷೀನು ತಾನಾಗಿ ಜಾರಿ ನಿಲ್ಲುತ್ತದೆ. ಈ ಉಂಗುರವನ್ನು ಸದಾ ಡ್ರಿಲ್ಲಿನ ಗುರುತಿನಲ್ಲೇ ಇಟ್ಟು ಬಳಸುವವರು ಮಷೀನಿನ ಅರ್ಧ ಉಪಯೋಗವನ್ನೇ ಕಳೆದುಕೊಳ್ಳುತ್ತಾರೆ.

ಕೆಂಪುಕಲ್ಲಿನ ಗೋಡೆಗೆ ಸುತ್ತಿಗೆಯಂತೆ ಬಡಿಯುವ ವ್ಯವಸ್ಥೆ ಬೇಕಿಲ್ಲ, ಬಡಿದರೆ ಕೆಡುಕೇ ಹೆಚ್ಚು. ಅದು ತೂತುತೂತಾದ, ಮೆದು ಕಲ್ಲಾದ್ದರಿಂದ ಬಡಿತಕ್ಕೆ ಅಂಚು ಉದುರಿ 6 ಮಿಲಿಮೀಟರಿನ ತೂತು 8 ಆಗುತ್ತದೆ, ಪ್ಲಾಸ್ಟಿಕ್ ಪ್ಲಗ್ ಸಡಿಲವಾಗುತ್ತದೆ. ಗೋಡೆಯ ಬಿಟ್ ಹಾಕಿ, ಬಡಿತವಿಲ್ಲದೆ ಕೊರೆದು, ಪ್ಲಗ್ಗನ್ನು ಮಾತ್ರ ವಾಡಿಕೆಗಿಂತ ಉದ್ದದ್ದು ಹಾಕಿ. ಹೊಸ ಕೋಣೆಗಳ ಕಂಬ, ಬೀಮುಗಳಿಗೆ ಕೊರೆಯುವ ಪ್ರಸಂಗ ಬಂದಾಗ ವೈರಿನ ಹ್ಯಾಮರ್ ಡ್ರಿಲ್ಲನ್ನು ಬಾಡಿಗೆಗೋ ಪರಿಚಿತರಿಂದಲೋ ತಂದುಕೊಳ್ಳಿ. ಅಪರೂಪದ ಆ ಕೆಲಸಕ್ಕಾಗಿ ದಿನನಿತ್ಯದ ಮಷೀನನ್ನು ಭಾರವಾಗಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೊಳ್ಳುವಾಗ ಮಷೀನಿಗಿಂತ ಹೆಚ್ಚಾಗಿ ಬ್ಯಾಟರಿಯ ಬಗ್ಗೆ ವಿಚಾರಿಸಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷೀನಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಒಂದೇ ಕಂಪನಿಯಲ್ಲೂ ಎಲ್ಲವೂ ಹೊಂದುತ್ತವೆ ಎನ್ನುವಂತಿಲ್ಲ. ಬಾಷ್ ಕಂಪನಿಯ ಹಸಿರು ಮಷೀನುಗಳ 18 ವೋಲ್ಟಿನ ಬ್ಯಾಟರಿಯನ್ನು ಅದೇ ಕಂಪನಿಯ ನೀಲಿ ಮಷೀನುಗಳಿಗೆ ಹಾಕಲಾಗದು. ಆದ್ದರಿಂದ ಮುಂದೆ ಹಲಗೆ ಕತ್ತರಿಸುವ ಜಿಗ್‌ಸಾ, ಉಜ್ಜಿ ನುಣುಪುಗೊಳಿಸುವ ಸ್ಯಾಂಡರ್ ಮೊದಲಾದವು ಬೇಕಾದರೆ ಇದೇ ಬ್ಯಾಟರಿಗೆ ಸಿಗುತ್ತವೆಯೇ, ಬಿಡಿ ಬ್ಯಾಟರಿ ಮಾರಾಟಕ್ಕಿದೆಯೇ, ಸರ್ವೀಸ್ ಸೆಂಟರ್ ಹುಬ್ಬಳ್ಳಿಯಷ್ಟು ಹತ್ತಿರದಲ್ಲಾದರೂ ಇದೆಯೇ ಎಂದು ಕೇಳಿ. 4 ಆಂಪಿಯರ್ ಅವರಿನ ಒಂದು ಬ್ಯಾಟರಿಗಿಂತ 2ರ ಎರಡು ಮೇಲು. ಒಂದು ಕೆಲಸದಲ್ಲಿರುವಾಗ ಇನ್ನೊಂದು ಚಾರ್ಜ್ ಆಗುತ್ತಿರುತ್ತದೆ, ಕರೆಂಟು ಹೋದ ದಿನವೂ ಕೈ ಕಟ್ಟಿ ಕೂರಬೇಕಾಗಿಲ್ಲ. ಬ್ರಷ್‌ಲೆಸ್ ಮೋಟಾರಿನಲ್ಲಿ ಸವೆಯುವ ಕಾರ್ಬನ್ನುಗಳಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ. ಹಣ ಹೊಂದಿದರೆ ತೆಗೆದುಕೊಳ್ಳಿ. ಆದರೆ ಎರಡನೇ ಬ್ಯಾಟರಿಯನ್ನು ಬಿಟ್ಟು ಬ್ರಷ್‌ಲೆಸ್ ಆರಿಸಬೇಡಿ.

ಹಣ ಕೊಡುವ ಮೊದಲು ಉದ್ದನೆಯ ತೆಳುವಾದ ಬಿಟ್ಟೊಂದನ್ನು ಚಕ್ಕಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ ನೋಡಿ. ನೇರವಾದ ಬಿಟ್ಟಿನ ತುದಿ ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಆ ಮಷೀನನ್ನು ಬಿಟ್ಟುಬಿಡಿ. ಟ್ರಿಗರ್ರನ್ನು ಸ್ವಲ್ಪವೇ ಒತ್ತಿದಾಗ ಚಕ್ಕು ನಿಧಾನವಾಗಿ ಹೊರಡಬೇಕು, ಜಿಗಿಯಬಾರದು.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇನೆ. ಬಿಡಿಬಿಡಿಯಾಗಿ ಬರುವ ಪೀಠೋಪಕರಣ ಜೋಡಿಸುವುದು, ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ ಹಾಕುವುದು ಬಿಟ್ಟರೆ ಬೇರೆ ಕೆಲಸವಿಲ್ಲ. 3.6 ವೋಲ್ಟಿನ ಪುಟ್ಟ ಸ್ಕ್ರೂಡ್ರೈವರ್ ಸಾಕೇ?
— ಓದುಗರು, ದಾವಣಗೆರೆ

ಉತ್ತರ: ಸಾಕು. ಅದರಲ್ಲಿ ಒಂದೇ ಸೆಲ್ ಇರುವುದರಿಂದ ಟಾರ್ಕ್ ಸುಮಾರು 4ರಿಂದ 5 ನ್ಯೂಟನ್ ಮೀಟರ್ ಮಾತ್ರ. ಗೋಡೆಗೆ ತೂತು ಕೊರೆಯಲು ಅದರಿಂದ ಆಗದು. ಬೋರ್ಡು ಬಿಚ್ಚುವ ಮೊದಲು ಮೇನ್ ಸ್ವಿಚ್ ಆರಿಸಲು ಮರೆಯಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳೆಲ್ಲ ಕಾಂಕ್ರೀಟಿನವು. ಹ್ಯಾಮರ್ ಗುರುತಿರುವ 12 ವೋಲ್ಟಿನ ಡ್ರಿಲ್ ಕೊಂಡೆ. ಎಷ್ಟು ಒತ್ತಿದರೂ ಬಿಟ್ ಒಂದು ಸೆಂಟಿಮೀಟರ್ ಕೂಡ ಇಳಿಯಲಿಲ್ಲ. ಮಷೀನು ಕೆಟ್ಟಿದೆಯೇ?
— ಓದುಗರು, ಬೆಂಗಳೂರು

ಉತ್ತರ: ಮಷೀನು ಕೆಟ್ಟಿರುವ ಸಂಭವ ಕಡಿಮೆ. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದು ಕಟ್ಟುವ, ಕಟ್ಟಡದವರು ಮೈವಾನ್ ಎಂದು ಕರೆಯುವ ವಿಧಾನದ ಮನೆಗಳಲ್ಲಿ ಗೋಡೆಯೇ ಕಬ್ಬಿಣದ ಸರಳುಗಳಿರುವ ಕಾಂಕ್ರೀಟು. ಸಣ್ಣ ಡ್ರಿಲ್ಲಿನ ಹ್ಯಾಮರ್ ಎಂದರೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಉಂಟುಮಾಡುವ ಮಿಡಿತವಷ್ಟೇ. ಇಟ್ಟಿಗೆಗೆ ಅದು ಸಾಕು, ಬಲಿತ ಕಾಂಕ್ರೀಟಿಗೆ ಸಾಲದು. ರೋಟರಿ ಹ್ಯಾಮರ್ ಎಂಬ ಬೇರೆಯೇ ಮಷೀನಿನಲ್ಲಿ ಗಾಳಿಯ ಒತ್ತಡದಿಂದ ಓಡುವ ಪಿಸ್ಟನ್ ಬಿಟ್ಟಿನ ಹಿಂಬದಿಗೆ ನೇರವಾಗಿ ಹೊಡೆಯುತ್ತದೆ. ಅದಕ್ಕೆ ಎಸ್‌ಡಿಎಸ್ ಪ್ಲಸ್ ಎಂಬ, ಹಿಂಬದಿಯಲ್ಲಿ ತೋಡುಗಳಿರುವ ಬಿಟ್ಟೇ ಬೇಕು. ಒಂದೆರಡು ದಿನದ ಕೆಲಸಕ್ಕೆ ಅದನ್ನು ಬಾಡಿಗೆಗೆ ತನ್ನಿ. ಅಂಗಡಿಯಲ್ಲಿ ಇಂಪ್ಯಾಕ್ಟ್ ಡ್ರೈವರ್ ತೋರಿಸಿದರೆ ಕೊಳ್ಳಬೇಡಿ. ಅದು ಉದ್ದನೆಯ ಸ್ಕ್ರೂ ಮತ್ತು ಬೋಲ್ಟುಗಳನ್ನು ತಿರುಗಿಸಲು ಅಡ್ಡಡ್ಡ ಬಡಿಯುವ ಮಷೀನು, ಗೋಡೆಗೆ ಪ್ರಯೋಜನವಿಲ್ಲ.

ಕೊರೆಯುವಾಗ ಬಿಟ್ ತಟ್ಟನೆ ನಿಂತು ಲೋಹದ ಸದ್ದು ಬಂದರೆ ಸರಳು ತಗುಲಿದೆ ಎಂದರ್ಥ. ಒತ್ತಾಯಿಸದೆ ಸ್ವಲ್ಪ ಆಚೆಗೆ ಹೊಸ ತೂತು ಹಾಕಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಮತ್ತು ಪಕ್ಕದಲ್ಲಿ, ಹಾಗೆಯೇ ನಲ್ಲಿಯ ಸಾಲಿನಲ್ಲಿ ಕೊರೆಯಬೇಡಿ. ವೈರಿನ ಪೈಪೂ ನೀರಿನ ಪೈಪೂ ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತವೆ.

ಪ್ರಶ್ನೆ: ವರ್ಕ್‌ಶಾಪಿನ ತಗಡಿನ ಶೆಡ್ಡಿನಲ್ಲಿ ಬೇಸಿಗೆಯಿಡೀ ಬಳಸದೆ ಇಟ್ಟಿದ್ದ ಡ್ರಿಲ್ಲಿನ ಬ್ಯಾಟರಿ ಈಗ ಚಾರ್ಜೇ ಆಗುತ್ತಿಲ್ಲ. ಇನ್ನೊಂದು ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸಬಹುದು ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಮಾಡಲೇ?
— ಓದುಗರು, ಕಲಬುರಗಿ

ಉತ್ತರ: ದಯವಿಟ್ಟು ಮಾಡಬೇಡಿ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟಾಗ ಸೆಲ್ಲುಗಳ ವೋಲ್ಟೇಜು ಸುರಕ್ಷಿತ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಸೆಲ್ಲಿಗೆ ಬಲವಂತವಾಗಿ ಚಾರ್ಜ್ ತುಂಬಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಚಾರ್ಜರ್ ನಿರಾಕರಿಸುತ್ತಿರುವುದು ಈ ಅಪಾಯವನ್ನು ತಡೆಯಲೆಂದೇ. ಸ್ಥಳೀಯವಾಗಿ ಸೆಲ್ ಬದಲಿಸಿಕೊಡುವವರು ಲ್ಯಾಪ್‌ಟಾಪಿನ ಹಳೆಯ ಸೆಲ್ಲುಗಳನ್ನು ಹಾಕುವುದೂ ಉಂಟು. ಡ್ರಿಲ್ಲು ಬಲ ಹಾಕುವಾಗ ಎಳೆಯುವ ವಿದ್ಯುತ್ತನ್ನು ಅವು ತಾಳಲಾರವು.

ಹೊಸದನ್ನು ಕೊಳ್ಳುವಾಗ ಐಎಸ್ 16046 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿ. ತಗಡಿನ ಶೆಡ್ಡಿನಲ್ಲೂ ನಿಲ್ಲಿಸಿದ ಕಾರಿನಲ್ಲೂ ಇಡದೆ, ಸುಮಾರು ಅರ್ಧ ಚಾರ್ಜಿನಲ್ಲಿ ಮನೆಯ ತಂಪಾದ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ. ಕೆಲಸ ಮಾಡಿ ಬಿಸಿಯಾದ ಬ್ಯಾಟರಿ ಆರಿದ ಮೇಲೆ ಚಾರ್ಜಿಗೆ ಹಾಕಿ. ಹಳೆಯದನ್ನು ಕಸಕ್ಕೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹಣೆಯ ಹೊಣೆ ತಯಾರಕರದ್ದು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅಲ್ಲಿಂದ ಡ್ರಿಲ್ಲಿನ ಸೆಟ್ ತರುತ್ತೇನೆ ಎನ್ನುತ್ತಿದ್ದಾಳೆ. ತರಿಸಿಕೊಳ್ಳಬಹುದೇ?
— ಓದುಗರು, ಮೈಸೂರು

ಉತ್ತರ: ಮಷೀನಿಗೂ ಬ್ಯಾಟರಿಗೂ ತೊಂದರೆಯಿಲ್ಲ, ತೊಂದರೆ ಇರುವುದು ಚಾರ್ಜರಿನಲ್ಲಿ. ಅಲ್ಲಿಯ ಮನೆಗಳ ವಿದ್ಯುತ್ತು 120 ವೋಲ್ಟ್, ನಮ್ಮದು 230. ಚಾರ್ಜರಿನ ಮೇಲೆ 100ರಿಂದ 240 ಎಂದು ಬರೆದಿರದಿದ್ದರೆ ಅದನ್ನು ಇಲ್ಲಿಯ ಪ್ಲಗ್ಗಿಗೆ ಹಾಕಿದ ಕ್ಷಣವೇ ಸುಟ್ಟುಹೋಗಬಹುದು. ಅದೇ ಬ್ಯಾಟರಿಗೆ ಹೊಂದುವ 230 ವೋಲ್ಟಿನ ಚಾರ್ಜರ್ ಇಲ್ಲಿ ಸಿಗುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಂಡು, ನಂತರವೇ ಮಗಳಿಗೆ ಹೇಳಿ. ಅಲ್ಲಿಯ ವಾರಂಟಿ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ. ವಿಮಾನದಲ್ಲಿ ಮಷೀನು ಮತ್ತು ಬಿಟ್ಟುಗಳನ್ನು ಚೆಕ್-ಇನ್ ಲಗೇಜಿನಲ್ಲಿಡಬೇಕು. ಬಿಡಿ ಬ್ಯಾಟರಿಗಳನ್ನು ಅಲ್ಲಿ ಇಡುವಂತಿಲ್ಲ, ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲೇ ತರಬೇಕು. 100 ವ್ಯಾಟ್ ಅವರ್ ಮೀರದವುಗಳಿಗೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಾಗುವುದಿಲ್ಲ. 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ 90 ವ್ಯಾಟ್ ಅವರ್ ಆಗುವುದರಿಂದ ಆ ಮಿತಿಯೊಳಗಿದೆ, 6ರದ್ದು 108 ಆಗಿ ಮಿತಿ ದಾಟುತ್ತದೆ. ಟಿಕೆಟ್ ಪಡೆದ ವಿಮಾನ ಸಂಸ್ಥೆಯ ನಿಯಮವನ್ನು ಹೊರಡುವ ಮೊದಲು ಮಗಳು ಒಮ್ಮೆ ನೋಡಿಕೊಳ್ಳಲಿ.