ಓದೋಕೆ ಸೋರ್ಸ್ ಕೋಡ್ ಬೇಕಾ? ಎಕ್ಸ್‌ವಿ6ನಿಂದ ಶುರು ಮಾಡಿ

ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಸಾಲುಗಳು) ನಾನೇ ಓದಿ ಕಲಿಯಬೇಕು, ಎಲ್ಲಿ ಸಿಗುತ್ತದೆ, ಯಾರ ಅನುಮತಿ ಬೇಕು ಅಂತ ಕೇಳಿದ್ದೀರಿ. ಅನುಮತಿ ಬೇಡ, ದುಡ್ಡೂ ಬೇಡ. ವಿಂಡೋಸ್‌ನ ಕೋಡ್ ಮಾತ್ರ ಹಾಗೆ ಸಿಗುವುದಿಲ್ಲ.

ನಾನು ಸಕಲೇಶಪುರದವನು. ಮೊದಲು ಲಿನಕ್ಸ್ ಕರ್ನಲ್ಲನ್ನೇ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನೇ ಇಳಿಸಿಕೊಂಡೆ. ಮಳೆಗಾಲ, ಕರೆಂಟ್ ಹೋದರೆ ಟವರೂ ಹೋಗುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟಲ್ಲಿ ಮೂರು ರಾತ್ರಿ ಹಿಡಿಯಿತು. ತೆರೆದು ನೋಡಿದರೆ ಕೋಟಿಗಟ್ಟಲೆ ಸಾಲು, ಅದರಲ್ಲಿ ಬೇರೆ ಬೇರೆ ಯಂತ್ರಭಾಗಗಳನ್ನು ನಡೆಸುವ ಡ್ರೈವರ್‌ಗಳದ್ದೇ ಜಾಸ್ತಿ. ಎಲ್ಲಿಂದ ಓದಬೇಕು ಅಂತ ತಿಳಿಯದೆ ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ನಿಮಗೆ ಹಾಗಾಗಬಾರದು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರಲ್ಲಿ ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6 ತೆಗೆದುಕೊಳ್ಳಿ. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ xv6-riscv ಅನ್ನುವ ಹೆಸರಲ್ಲಿ ಇದೆ. ಅದನ್ನು ಇಳಿಸಿಕೊಳ್ಳಲು ಗಿಟ್ ಕ್ಲೋನ್ (git clone) ಮಾಡುವಾಗ ಡೆಪ್ತ್ 1 (--depth 1) ಅಂತ ಕೊಟ್ಟರೆ ಹಳೆಯ ಇತಿಹಾಸವೆಲ್ಲ ಬರುವುದಿಲ್ಲ, ಡೇಟಾ ಉಳಿಯುತ್ತದೆ. ಜೊತೆಗೆ ಓದುವ ಪುಸ್ತಕದ ಪಿಡಿಎಫ್ ಕೂಡ ಉಚಿತ.

ಎಕ್ಸ್‌ವಿ6 ಅನ್ನು ಯುನಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್‌ನ 1975ರ ಆರನೇ ಆವೃತ್ತಿಯ ಮಾದರಿಯಲ್ಲಿ ಬರೆದದ್ದು. ಆ ಯುನಿಕ್ಸ್‌ನ ಕೋಡಿಗೆ ಸಿಡ್ನಿಯ ಮೇಷ್ಟ್ರು ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ವಿವರಣೆ ಬರೆದರು. ಆಮೇಲೆ ಲೈಸೆನ್ಸ್ ಬಿಗಿಯಾಯಿತು. ಜನ ಅದನ್ನು ಕೈಯಿಂದ ಕೈಗೆ ಜೆರಾಕ್ಸ್ ಮಾಡಿಸಿಕೊಂಡೇ ಓದಿದರು. ಅಂಗಡಿಯಲ್ಲಿ ಸಿಗುವಂತೆ ಅಚ್ಚಾಗಿದ್ದು 1996ರಲ್ಲಿ. ಇವತ್ತು ನಮಗೆ ಸುಮ್ನೆ ಕೂತಲ್ಲೇ ಸಿಗುತ್ತಿದೆ, ಅಲ್ವಾ?

ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಓದಲು ಹೋಗಬೇಡಿ. 'ಸ್ವಿಚ್' (swtch.S) ಅನ್ನುವ ಒಂದು ಚಿಕ್ಕ ಫೈಲ್ ಇದೆ, ಪ್ರೊಸೆಸರ್‌ಗೆ ನೇರವಾಗಿ ಆದೇಶ ಕೊಡುವ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದು. ನಾನು ಅದನ್ನು ಪ್ರಿಂಟ್ ತೆಗೆಸಿ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಓದುತ್ತಿದ್ದೆ. ಹದಿನಾಲ್ಕು ಸಾಲು ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್‌ನೊಳಗಿನ ಪುಟ್ಟ ಖಾನೆಗಳಲ್ಲಿ) ಇರುವುದನ್ನು ಎತ್ತಿಡುತ್ತವೆ, ಹದಿನಾಲ್ಕು ಸಾಲು ಬೇರೆಯದನ್ನು ತುಂಬುತ್ತವೆ, ಕೊನೆಗೊಂದು ರಿಟರ್ನ್. ಅಷ್ಟೇ. ಆದರೆ ಆ ರಿಟರ್ನ್ ಕರೆದವರ ಹತ್ತಿರ ವಾಪಸ್ ಹೋಗುವುದಿಲ್ಲ! ಸ್ಟ್ಯಾಕ್ ಪಾಯಿಂಟರ್ರೂ (ಕೆಲಸದ ತಾತ್ಕಾಲಿಕ ಲೆಕ್ಕ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ಗುರುತು) ರಿಟರ್ನ್ ವಿಳಾಸವೂ ಆಗಲೇ ಬದಲಾಗಿರುತ್ತವೆ, ಹಾಗಾಗಿ ಹಿಂದೆ ಎಂದೋ ನಿಂತುಹೋಗಿದ್ದ ಇನ್ನೊಂದು ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ಇದು ಹೊಳೆದ ದಿನ ಪಾಳ್ಯದ ಹತ್ತಿರ ಬಸ್ಸಿನಲ್ಲಿ ಕೂತೇ ಮೂರು ಸಲ ಓದಿದೆ. ಒಂದೇ ಪ್ರೊಸೆಸರ್ ಹತ್ತು ಪ್ರೋಗ್ರಾಂ ಓಡಿಸುವುದು ಹೇಗೆ ಅನ್ನುವುದು ಆ ಒಂದು ಹಾಳೆಯಲ್ಲಿದೆ. ಅಲ್ಲಿಂದ, ಮುಂದೆ ಯಾವ ಕೆಲಸ ಓಡಬೇಕು ಅಂತ ಆರಿಸುವ ಷೆಡ್ಯೂಲರ್‌ಗೆ ಹೋಗಿ, ಆಮೇಲೆ ಓಡುತ್ತಿರುವ ಪ್ರೋಗ್ರಾಂನ ಇನ್ನೊಂದು ಪ್ರತಿ ಹುಟ್ಟಿಸುವ ಫೋರ್ಕ್. ಲಿನಕ್ಸ್ ಆಮೇಲೆ ನೋಡಿದರಾಯಿತು.

ಬರೀ ಓದಿದರೆ ಸಾಲದು, ಓಡಿಸಿ. ಉಬುಂಟು ಲಿನಕ್ಸ್‌ನಲ್ಲಿ ಕ್ಯೂಎಮು (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ಪ್ರೋಗ್ರಾಂ), ರಿಸ್ಕ್-ಫೈವ್ ಅನ್ನುವ ಪ್ರೊಸೆಸರ್ ಬಗೆಗೆ ಕೋಡ್ ತಯಾರಿಸುವ ಜಿಸಿಸಿ ಕಂಪೈಲರ್ ಹಾಕಿಕೊಂಡು, ಎಕ್ಸ್‌ವಿ6ನ ಫೋಲ್ಡರಿನಲ್ಲಿ 'ಮೇಕ್ ಕ್ಯೂಎಮು' (make qemu) ಕೊಡಿ. ಷೆಡ್ಯೂಲರ್‌ನಲ್ಲಿ ನಿಮ್ಮದೊಂದು ಪ್ರಿಂಟ್ ಸಾಲು ಸೇರಿಸಿ ನೋಡಿ. ಪರದೆ ತುಂಬಾ ಅದೇ ಓಡಿದರೆ ಗಾಬರಿ ಬೇಡ. ಕಂಟ್ರೋಲ್ ಜೊತೆ 'ಎ' ಒತ್ತಿ, ಬಿಟ್ಟು, 'ಎಕ್ಸ್' ಒತ್ತಿದರೆ ಹೊರಗೆ ಬರಬಹುದು.