"ನಾಳೆ ಬದಲಿ ಆದ್ರ ಆ ಕೂಸಿನ ಏನ್ ಮಾಡ್ತಿ?"

ಪ್ರಶ್ನೆ: ನನಗೆ 38, ಯಜಮಾನರಿಗೆ 42 ವರ್ಷ. ಅವರು ಸೇನೆಯಲ್ಲಿ ನಾಯಬ್ ಸುಬೇದಾರ್. ಕುಟುಂಬವನ್ನು ಜೊತೆಗಿಟ್ಟುಕೊಳ್ಳಲಾಗದ ಫೀಲ್ಡ್ ಪೋಸ್ಟಿಂಗ್ ಇನ್ನೂ ಒಂದು ವರ್ಷವಿದೆ. ನಾನು, 11 ವರ್ಷದ ಮಗಳು ಬೆಳಗಾವಿಯ ಸ್ವಂತ ಮನೆಯಲ್ಲಿದ್ದೇವೆ. ಬಾಲಮಂದಿರದ ಒಂದು ಮಗುವನ್ನು ಪೋಷಕತ್ವಕ್ಕೆ (ಫಾಸ್ಟರ್ ಕೇರ್, ಅಂದರೆ ದತ್ತು ಪಡೆಯದೆ ಮನೆಯಲ್ಲಿಟ್ಟು ಸಾಕುವುದು) ಪಡೆಯುವ ಆಸೆ ಇಬ್ಬರಿಗೂ ಇದೆ. ಮುಂದೆ ಪೀಸ್ ಸ್ಟೇಷನ್ (ಕುಟುಂಬದೊಂದಿಗೆ ಇರಬಹುದಾದ ಊರು) ಸಿಕ್ಕರೆ ಎಲ್ಲರೂ ಅಲ್ಲಿಗೇ ಹೋಗೋಣ ಎನ್ನುತ್ತಾರೆ ಅವರು. "ಗಂಡ ಮನ್ಯಾಗ ಇರೂದಿಲ್ಲ, ನಾಳೆ ಬದಲಿ ಆದ್ರ ಆ ಕೂಸಿನ ಏನ್ ಮಾಡ್ತಿ?" ಎಂದು ಅತ್ತಿಗೆ ಕೇಳುತ್ತಾರೆ. ನನಗೆ ಉತ್ತರ ಹೊಳೆಯುತ್ತಿಲ್ಲ.

ಉತ್ತರ: ಅತ್ತಿಗೆಯ ಮಾತನ್ನು ಕೊಂಕು ಎಂದುಕೊಳ್ಳಬೇಡಿ. ನೀವು ಅರ್ಜಿ ಹಾಕಿದ ಮೇಲೆ, ಮಗುವನ್ನು ಯಾರ ಮನೆಗೆ ಕೊಡಬೇಕೆಂದು ಆದೇಶಿಸುವ ಮಕ್ಕಳ ಕಲ್ಯಾಣ ಸಮಿತಿಯವರೂ ಅದನ್ನೇ ಕೇಳಬೇಕು, ಕೇಳುತ್ತಾರೆ.

ಸೇನೆಯ ಕೆಲಸ ಇದಕ್ಕೆ ಅಡ್ಡಿಯಲ್ಲ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಕುಟುಂಬದ ಸಾಮರ್ಥ್ಯ, ಉದ್ದೇಶ ಮತ್ತು ಮಕ್ಕಳನ್ನು ಸಾಕಿದ ಅನುಭವವನ್ನು ನೋಡುತ್ತದೆ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ದಂಪತಿಯಾದರೆ ಕನಿಷ್ಠ ಎರಡು ವರ್ಷ ಸ್ಥಿರ ದಾಂಪತ್ಯ ನಡೆಸಿರಬೇಕು, ಇಬ್ಬರ ವಯಸ್ಸು ಕೂಡಿ ಕನಿಷ್ಠ 70 ಆಗಿರಬೇಕು. ನಿಮ್ಮದು 80. ಮಗು ಆರು ವರ್ಷ ಮೇಲ್ಪಟ್ಟದ್ದಾಗಿರುತ್ತದೆ; ಹಸುಗೂಸನ್ನು ನಿರೀಕ್ಷಿಸಬೇಡಿ. ಇದು ದತ್ತು ಅಲ್ಲ ಎಂಬುದನ್ನು ಮನೆಮಂದಿಗೆಲ್ಲ ಈಗಲೇ ಬಿಡಿಸಿ ಹೇಳಿ. ಸಮಿತಿ ಒಪ್ಪಿದರೆ ಹೆತ್ತವರು ಬಂದು ಮಗುವನ್ನು ನೋಡಬಹುದು, ಪರಿಸ್ಥಿತಿ ಸುಧಾರಿಸಿದರೆ ಮಗು ಅವರ ಮನೆಗೇ ಮರಳಬಹುದು. ಎರಡು ವರ್ಷ ಪೋಷಿಸಿದ ನಂತರ ದತ್ತಿನ ದಾರಿ ತೆರೆಯುವುದುಂಟು. ಆದರೆ ಅದು ಮಗು ಕಾನೂನುಬದ್ಧವಾಗಿ ದತ್ತಿಗೆ ಮುಕ್ತವಾದಾಗ ಮಾತ್ರ.

ಇನ್ನು ಬದಲಿಯ ವಿಷಯ. ಮಕ್ಕಳ ಕಲ್ಯಾಣ ಸಮಿತಿಯ ಅಧಿಕಾರ ಜಿಲ್ಲೆಯ ಗಡಿಯೊಳಗೆ. ಮಗು ಬೆಳಗಾವಿ ಸಮಿತಿಯ ಆದೇಶದ ಮೇಲೆ ನಿಮ್ಮ ಮನೆಗೆ ಬಂದರೆ, ನಾಳೆ ಜಬಲ್ಪುರಕ್ಕೋ ಪುಣೆಗೋ ಪೋಸ್ಟಿಂಗ್ ಬಂತೆಂದು ಪೆಟ್ಟಿಗೆ ಕಟ್ಟಿ ಜೊತೆಗೆ ಕರೆದೊಯ್ಯುವಂತಿಲ್ಲ. ಸಮಿತಿ ಆದೇಶ ಕೊಡಬೇಕು, ಹೊಸ ಜಿಲ್ಲೆಯವರು ಮೇಲ್ವಿಚಾರಣೆಗೆ ಒಪ್ಪಬೇಕು. ಮಗುವಿಗೆ ಹೆತ್ತವರ ಭೇಟಿ ಇದ್ದರೆ ಅನುಮತಿ ಸಿಗುವುದು ಇನ್ನೂ ಕಷ್ಟ. ಅನುಮತಿ ಸಿಗದಿದ್ದರೆ ಮಗು ಬಾಲಮಂದಿರಕ್ಕೆ ವಾಪಸ್. ಒಮ್ಮೆ ಮನೆ ಕಳೆದುಕೊಂಡ ಮಗುವಿಗೆ ಎರಡನೇ ಸಲವೂ ಹಾಗಾಗಬಾರದು.

ಅದಕ್ಕೇ ನಮ್ಮ ಸಲಹೆ ಇಷ್ಟು ಖಡಾಖಂಡಿತ: ಪೀಸ್ ಸ್ಟೇಷನ್ನೋ ಬೆಳಗಾವಿಯ ಮನೆಯೋ, ಮೊದಲು ತೀರ್ಮಾನಿಸಿ. ಬೆಳಗಾವಿ ಎಂದಾದರೆ, ಪೋಷಕತ್ವ ಇರುವಷ್ಟು ದಿನ ನೀವು ಅಲ್ಲಿಂದ ಕದಲುವುದಿಲ್ಲವೆಂದು ಗಂಡ ಹೆಂಡತಿ ಒಪ್ಪಿಕೊಂಡಿರಬೇಕು. ಪೀಸ್ ಪೋಸ್ಟಿಂಗ್ ಬಂದರೂ ಅವರೊಬ್ಬರೇ ಹೋಗಿಬರಬೇಕು. ಒಟ್ಟಿಗೇ ಇರುವುದು ಮುಖ್ಯವೆಂದಾದರೆ, ಹೊಸ ಸ್ಟೇಷನ್‌ಗೆ ಹೋದ ತಿಂಗಳಲ್ಲೇ ಆ ಜಿಲ್ಲೆಯಲ್ಲಿ ಅರ್ಜಿ ಹಾಕಿ. ಪೋಸ್ಟಿಂಗ್‌ಗೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಅವಧಿ ಇರುತ್ತದಲ್ಲ, ಅದರ ಕೊನೆಯಲ್ಲಿ ಅರ್ಜಿ ಹಾಕುವುದು ತಪ್ಪು. ಎರಡೂ ಕಡೆ ಕಾಲಿಟ್ಟುಕೊಂಡು ಈಗಲೇ ದೀರ್ಘಾವಧಿಗೆ ಮಗುವನ್ನು ಕರೆತರಬೇಡಿ.

ಬೆಳಗಾವಿಯಲ್ಲೇ ಉಳಿಯುವುದಾದರೆ, ಯಜಮಾನರ ವಾರ್ಷಿಕ ರಜೆಯ ಸುತ್ತ ಕೆಲಸಗಳನ್ನು ಜೋಡಿಸಿ. ನಿಮ್ಮ ಮನೆಯ ಪರಿಸ್ಥಿತಿ ನೋಡಿ ಬರೆಯುವ ಮನೆ ಅಧ್ಯಯನ ವರದಿಗೆ ಬರುವವರು ಇಬ್ಬರನ್ನೂ, ಮಗಳನ್ನೂ ಮಾತನಾಡಿಸುತ್ತಾರೆ. ಸಮಿತಿಯ ಮುಂದೆಯೂ ಇಬ್ಬರೂ ನಿಲ್ಲಬೇಕು. ಆದ್ದರಿಂದ ರಜೆಗೆ ಎರಡು ತಿಂಗಳ ಮೊದಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅಸಾಂಸ್ಥಿಕ ಪಾಲನೆಯ (ಬಾಲಮಂದಿರದಾಚೆ ಮನೆಗಳಲ್ಲಿ ನಡೆಯುವ ಪಾಲನೆಯ) ರಕ್ಷಣಾಧಿಕಾರಿಯನ್ನು ಕಾಣಿರಿ. ಗುರುತು, ವಿಳಾಸ, ಮದುವೆ ಮತ್ತು ಆದಾಯದ ದಾಖಲೆ, ಇಬ್ಬರು ಪರಿಚಿತರ ಹೆಸರು, ಪೊಲೀಸ್ ಪರಿಶೀಲನೆಯ ಕಾಗದ, ಮನೆಯವರೆಲ್ಲರ ವೈದ್ಯಕೀಯ ವರದಿ, ಇವನ್ನು ಯಜಮಾನರು ಬರುವ ಮುನ್ನವೇ ಆದಷ್ಟು ಸಿದ್ಧಪಡಿಸಿಡಿ. ವರದಿಯಲ್ಲಿ ಕ್ಷಯ, ಹೆಪಟೈಟಿಸ್ ಬಿ, ಎಚ್‌ಐವಿ ತಪಾಸಣೆಯೂ ಸೇರಬೇಕಾಗುತ್ತದೆ. ಯಜಮಾನರ ತಪಾಸಣೆಯನ್ನು ರಜೆಯ ಮೊದಲ ವಾರದಲ್ಲೇ ಮುಗಿಸಿ. ಅದೊಂದು ತಡವಾದರೆ ಇಡೀ ಅರ್ಜಿ ಮುಂದಿನ ರಜೆಯವರೆಗೆ ನಿಲ್ಲುತ್ತದೆ.

ಆದೇಶ ಬರೆಯುವಾಗಲೇ ಎರಡು ಅಂಶ ಸೇರಿಸಲು ಲಿಖಿತವಾಗಿ ಕೋರಿ: ಶಾಲೆ, ಆಸ್ಪತ್ರೆಗಳಲ್ಲಿ ನಿಮ್ಮೊಬ್ಬರ ಸಹಿ ಸಾಕು ಎಂಬುದು ಒಂದು, ರಜೆಯಲ್ಲಿ ಮಗುವನ್ನು ಜಿಲ್ಲೆಯಾಚೆ ಕರೆದೊಯ್ಯಲು ಯಾವ ರೀತಿ ಅನುಮತಿ ಕೇಳಬೇಕು ಎಂಬುದು ಇನ್ನೊಂದು. ಮೊದಲನೆಯದು ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಮಗುವಿಗೆ ಆಪರೇಷನ್ ಬೇಕಾದಾಗ, ಫೋನ್ ಸಿಗದ ಜಾಗದಲ್ಲಿರುವ ಯಜಮಾನರ ಒಪ್ಪಿಗೆ ಎಲ್ಲಿ ಎಂದು ಆಸ್ಪತ್ರೆಯವರು ಕೇಳಿಯಾರು.

ದತ್ತು ಮಗುವಿನಂತೆ ಈ ಮಗು ಸೇನಾ ದಾಖಲೆಯಲ್ಲಿ ಅವಲಂಬಿತರ ಪಟ್ಟಿಗೆ ಸೇರುತ್ತದೆ ಎಂದುಕೊಂಡು ಲೆಕ್ಕ ಹಾಕಬೇಡಿ. ಮಿಲಿಟರಿ ಆಸ್ಪತ್ರೆ, ಆರ್ಮಿ ಶಾಲೆಯ ಸೀಟು ಇವಿಲ್ಲದೆಯೇ ಯೋಜಿಸಿ. ಶಾಲೆ ಸಾಧ್ಯವಾದಷ್ಟು ಮಗು ಈಗ ಓದುತ್ತಿರುವುದೇ ಇರಲಿ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅದು ಬರುವವರೆಗೆ ಖರ್ಚು ನಿಮ್ಮ ಕೈಯಿಂದಲೇ ಸಾಗುವಷ್ಟು ಅನುಕೂಲ ಇರಲಿ.

ಇಷ್ಟು ಕಾಗದಪತ್ರದ ಮಾತು. ಮನೆಯೊಳಗಿನದು ಅದಕ್ಕಿಂತ ಕಷ್ಟ. ಮೊದಲ ಕೆಲವು ವಾರ ಮಗು ಎದುರುಮಾತಿಲ್ಲದೆ ಇರಬಹುದು. ಆಮೇಲೆ ಹಾಸಿಗೆ ಒದ್ದೆ ಮಾಡುವುದು, ತಿಂಡಿ ಬಚ್ಚಿಡುವುದು, "ನೀವೇನು ನಮ್ಮವ್ವ ಅಲ್ಲ" ಎನ್ನುವುದು ಶುರುವಾದೀತು. ಅದು ನಿಮ್ಮ ಸೋಲಲ್ಲ. ಹೇಗಿದ್ದರೂ ಇವರು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಮಗು ಪರೀಕ್ಷಿಸುತ್ತಿರುತ್ತದೆ. ಅದೇ ಹೊತ್ತಿಗೆ ಯಜಮಾನರ ರಜೆ ಮುಗಿದರೆ, ತನ್ನಿಂದಲೇ ಅವರು ಹೊರಟುಹೋದರು ಎಂದು ಮಗು ತಿಳಿಯುತ್ತದೆ. ಹಾಗಾಗಿ ಮಗು ಬಂದ ಮೇಲೆ ಅವರು ಕನಿಷ್ಠ ಮೂರು ವಾರವಾದರೂ ಮನೆಯಲ್ಲಿರುವಂತೆ ನೋಡಿಕೊಳ್ಳಿ. ಸಾಧ್ಯವಾಗದಿದ್ದರೆ ಅವರು ಹೋದ ಮೇಲೆಯೇ ಮಗು ಬರಲಿ. ಬಂದು ಐದನೇ ದಿನಕ್ಕೆ ಬೀಳ್ಕೊಡುಗೆ ಮಾತ್ರ ಬೇಡ. ಹೊರಡುವ ವಿಷಯವನ್ನು ಮಗುವಿಗೆ ಮುಂಚೆಯೇ ಹೇಳಿ, ಬ್ಯಾಗು ತುಂಬುವಾಗ ಜೊತೆಗಿರಲಿ, ನಿದ್ದೆಯಲ್ಲಿದ್ದಾಗ ಹೊರಟುಬಿಡಬೇಡಿ. ಮರಳುವ ತಾರೀಖನ್ನಂತೂ ಯಾರೂ ಮಾತು ಕೊಡಬೇಡಿ, ರಜೆ ರದ್ದಾಗುವುದುಂಟಲ್ಲ. "ದೀಪಾವಳಿ ಹೊತ್ತಿಗೆ ಬರ್ತಾರ, ತಡ ಆದ್ರ ಹೇಳ್ತೀನಿ" ಎಂದರೆ ಸಾಕು. ಅವರನ್ನು ಅಪ್ಪ ಎನ್ನಲು ಒತ್ತಾಯ ಬೇಡ, ಕಾಕಾ ಎಂದರೂ ಆದೀತು.

ಯೂನಿಟ್‌ನ ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಫೋಟೊ, ಹೆಸರು, ಹಿನ್ನೆಲೆ ಹಾಕಬೇಡಿ. ಇಂಥ ಮಕ್ಕಳ ಗುರುತು ಬಹಿರಂಗಪಡಿಸಿದರೆ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಯಾರಾದರೂ "ಯಾರ ಕೂಸು?" ಎಂದು ಕೇಳಿದರೆ "ನಮ್ಮ ಮನ್ಯಾಗ ಇರತೈತಿ" ಎಂದಷ್ಟೇ ಹೇಳಿ.

ಒಬ್ಬರ ವಿಷಯ ನಿಮ್ಮ ಪತ್ರದಲ್ಲಿ ಹೆಚ್ಚು ಇಲ್ಲ, ನಿಮ್ಮ ಮಗಳದು. ಅಪ್ಪ ದೂರವಿದ್ದಾಗ ಅವಳಿಗೆ ಸಿಗುವುದು ನೀವೊಬ್ಬರೇ, ಈಗ ಆ ನಿಮ್ಮನ್ನೂ ಹಂಚಿಕೊಳ್ಳಬೇಕು. ಅವಳಿಗಿಂತ ಕಿರಿಯ ಮಗುವನ್ನೇ ಕೋರಿ. ಅವಳ ಮೇಜು, ಕಪಾಟು ಅವಳದಾಗಿಯೇ ಉಳಿಯಲಿ. ಅಪ್ಪನ ಫೋನ್ ಬಂದಾಗ ಮೊದಲ ಹತ್ತು ನಿಮಿಷ ಅವಳೊಬ್ಬಳೇ ಮಾತನಾಡಲಿ. ಅಧಿಕಾರಿಯನ್ನು ಕಾಣಲು ಹೋಗುವ ಮುನ್ನ ಅವಳನ್ನು ಕೂರಿಸಿಕೊಂಡು ಕೇಳಿ. ಬೇಡ ಎಂದರೆ ಏಕೆ ಬೇಡ ಎಂದು ಕೇಳಿಸಿಕೊಂಡು, ಯಜಮಾನರ ಮುಂದಿನ ರಜೆಯವರೆಗೆ ಕಾಯಿರಿ.