ವಿತ್‌ಡ್ರಾ ಪೆಂಡಿಂಗ್, ವೆರಿಫಿಕೇಶನ್‌ಗೆ ದುಡ್ಡು ಕಟ್ಟಿ ಅಂದರೆ ಏನು ಮಾಡಬೇಕು

ಅಣ್ಣಾ, ನಿಮ್ಮ ಪ್ರಶ್ನೆ ಇಷ್ಟು: ಫೋನಿನಲ್ಲಿ ಆಡುವ ಕಲರ್ ಪ್ರಿಡಿಕ್ಷನ್ (ಮುಂದೆ ಯಾವ ಬಣ್ಣ ಬರುತ್ತದೆ ಅಂತ ದುಡ್ಡು ಕಟ್ಟಿ ಊಹಿಸುವ) ಆ್ಯಪ್‌ನಲ್ಲಿ 38,400 ರೂಪಾಯಿ ತೋರಿಸುತ್ತಿದೆ. ನೀವು ಹಾಕಿದ್ದು 11,500. ಮೊದಲ ಸಲ 500 ಖಾತೆಗೆ ಬಂತು. ಈಗ ವಿತ್‌ಡ್ರಾ ಕೊಟ್ಟರೆ ‘ವೆರಿಫಿಕೇಶನ್ ಪೆಂಡಿಂಗ್’. ಟೆಲಿಗ್ರಾಂನಲ್ಲಿರುವ ಕಸ್ಟಮರ್ ಕೇರ್‌ನವರು 6,000 ಕಟ್ಟಿದರೆ ಅರ್ಧ ಗಂಟೆಯಲ್ಲಿ ಎಲ್ಲ ಸೇರಿ ಬರುತ್ತದೆ ಅಂತಿದ್ದಾರೆ. ಬೇಗ ಆಗಲು ಯಾವ ದಾಖಲೆ ಕೊಡಬೇಕು?

ಯಾವ ದಾಖಲೆಯೂ ಬೇಡ, ಆ 6,000 ಕಟ್ಟಬೇಡಿ. ಇದು ತಡವಾಗುತ್ತಿರುವ ವೆರಿಫಿಕೇಶನ್ ಅಲ್ಲ. ಪರದೆಯ ಮೇಲಿನ 38,400 ಹಣವೇ ಅಲ್ಲ, ಅವರ ಸರ್ವರ್‌ನಲ್ಲಿ ಬರೆದ ಅಂಕಿ. ನಿಮ್ಮ ಲೆಕ್ಕದಲ್ಲಿ ನಿಜವಾಗಿ ಇರುವುದು ಹೋದ 11,500, ಬಂದ 500. ಇನ್ನು ಮೇಲೆ ಏನೇ ಮಾಡಿದರೂ 11,000 ಕ್ಕಾಗಿ ಮಾಡಿ.

ನಿಜವಾದ ವಿತ್‌ಡ್ರಾ ತಡವಾಗುವುದು ಹೇಗೆ ಅಂತ ಗೊತ್ತಿದ್ದರೆ ಸುಳ್ಳು ತಡವನ್ನು ಹಿಡಿಯುವುದು ಸುಲಭ. 2025ರ ಆಗಸ್ಟ್‌ಗೆ ಮುಂಚೆ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ನಡೆಸುತ್ತಿದ್ದ ನೋಂದಾಯಿತ ಕಂಪನಿಗಳಲ್ಲೂ ದುಡ್ಡು ಸಿಕ್ಕಿಕೊಳ್ಳುತ್ತಿತ್ತು. ಮುಖ್ಯ ಕಾರಣ ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ‘ಮಂಜುನಾಥ ಎಚ್ ಎಸ್’ ಅಂತ ಇರುತ್ತದೆ. ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಸೇರಿರುತ್ತದೆ. ಪಾಸ್‌ಬುಕ್‌ನಲ್ಲಿ ಬರೀ ‘ಮಂಜುನಾಥ್’. ಕಂಪನಿಯವರು ಖಾತೆಗೆ 1 ರೂಪಾಯಿ ಹಾಕಿ, ಬ್ಯಾಂಕಿನಿಂದ ವಾಪಸ್ ಬರುವ ಹೆಸರನ್ನು ಪ್ಯಾನ್ ಹೆಸರಿನ ಜೊತೆ ತಾಳೆ ನೋಡುತ್ತಾರೆ. ಕೂಡಲಿಲ್ಲ ಅಂದರೆ ಕಂಪ್ಯೂಟರ್ ಅಲ್ಲೇ ನಿಲ್ಲಿಸುತ್ತದೆ. ಇನ್ನೊಂದು ಕಾರಣ, ಆಧಾರ್‌ಗೆ ಲಿಂಕ್ ಆಗಿರುವ ಮೊಬೈಲ್ ನಂಬರ್ ಯಾವತ್ತೋ ಬಿಟ್ಟುಹೋದದ್ದು, ಒಟಿಪಿ ಬರುವುದೇ ಇಲ್ಲ. ಪ್ಯಾನ್–ಆಧಾರ್ ಲಿಂಕ್ ಆಗದವರದು 2023ರ ಜುಲೈ 1ರಿಂದ ನಿಷ್ಕ್ರಿಯ, ಅಲ್ಲೂ ತಡ. ಹೆಂಡತಿ ಅಥವಾ ಅಣ್ಣನ ಖಾತೆ ಕೊಟ್ಟರೂ ಆಗುವುದಿಲ್ಲ. ಗಮನಿಸಿ, ಇವೆಲ್ಲಕ್ಕೂ ಪರಿಹಾರ ದಾಖಲೆ ಸರಿಮಾಡುವುದು. ಇವುಗಳಲ್ಲಿ ಒಂದಕ್ಕೂ ಆಟದವರಿಗೆ ದುಡ್ಡು ಕಳಿಸುವ ಪ್ರಶ್ನೆಯೇ ಬರುವುದಿಲ್ಲ.

ತೆರಿಗೆಯ ಮಾತೂ ಹಾಗೇ. ‘ಶೇ 30 ಟ್ಯಾಕ್ಸ್ ಕಟ್ಟಿ, ಆಮೇಲೆ ಬಿಡುತ್ತೇವೆ’ ಅಂತ ನಿಮಗೆ ಮುಂದೆ ಹೇಳಬಹುದು. ಅದರಲ್ಲಿ ಅರ್ಧ ಸತ್ಯ ಇರುವುದರಿಂದಲೇ ಜನ ನಂಬುತ್ತಾರೆ. ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 2023ರ ಏಪ್ರಿಲ್‌ನಿಂದ ಶೇ 30 ಟಿಡಿಎಸ್ ಇದೆ, ನಿಜ. ಆದರೆ ಅದನ್ನು ಕಂಪನಿಯೇ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. 5,000 ಹಾಕಿ 12,000 ತೆಗೆದರೆ ಗೆಲುವು 7,000, ಟಿಡಿಎಸ್ 2,100, ಕೈಗೆ 9,900. ಆ 2,100 ಆದಾಯ ತೆರಿಗೆ ತಾಣದಲ್ಲಿ ನಿಮ್ಮ ಪ್ಯಾನ್‌ನ ತೆರಿಗೆ ಪಟ್ಟಿಯಲ್ಲಿ ಕಾಣಿಸುತ್ತದೆ. ಯಾರದೋ ಯುಪಿಐಗೆ ತೆರಿಗೆ ಕಳಿಸುವ ಪದ್ಧತಿ ದೇಶದಲ್ಲಿ ಎಲ್ಲೂ ಇಲ್ಲ.

ಈಗ ಕಾನೂನು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಅದರಲ್ಲಿಲ್ಲ. ದೊಡ್ಡ ಕಂಪನಿಗಳು ಆ ತಿಂಗಳೇ ಹಣದ ಆಟ ನಿಲ್ಲಿಸಿದವು. ಅಂಥ ಹಳೆಯ ಆ್ಯಪ್‌ನಲ್ಲಿ ಯಾರದಾದರೂ ಬ್ಯಾಲೆನ್ಸ್ ಉಳಿದಿದ್ದರೆ ಅದು ಬೇರೆ ವಿಷಯ. ಕಂಪನಿಯ ಅಧಿಕೃತ ಆ್ಯಪ್ ಒಳಗಿನಿಂದಲೇ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಮುಗಿಸಿ ತೆಗೆಯಿರಿ. ಕಟ್ಟಿದ ಹಣ, ಗೆದ್ದ ಹಣ, ಬೋನಸ್ ಮೂರೂ ಬೇರೆ ಬೇರೆ, ಬೋನಸ್ ಅಂತ ಇದ್ದದ್ದು ಖಾತೆಗೆ ಬರುವುದಿಲ್ಲ. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಮೊದಲು ಸಿಗುವುದು ಕಳ್ಳರದೇ ಇರಬಹುದು.

ನಿಮ್ಮದು ಆ ಜಾತಿಯ ಆ್ಯಪ್ ಅಲ್ಲ. ಪ್ಲೇ ಸ್ಟೋರ್‌ನಲ್ಲಿ ಇಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕಿನಿಂದ ಇಳಿಸಿದ್ದೀರಿ. ನಿಮ್ಮ ಯುಪಿಐ ಹಿಸ್ಟರಿ ತೆಗೆದು ನೋಡಿ: ಐದು ಸಲ ಕಟ್ಟಿದ್ದರೆ ಐದು ಬೇರೆ ಹೆಸರು ಇರುತ್ತದೆ. ಒಂದು ಬಟ್ಟೆ ಅಂಗಡಿ, ಒಂದು ರೀಚಾರ್ಜ್ ಅಂಗಡಿ, ಒಂದು ಯಾರೋ ಹುಡುಗನ ಉಳಿತಾಯ ಖಾತೆ. ಕ್ಯೂಆರ್ ಕೋಡ್ ಹತ್ತು ನಿಮಿಷಕ್ಕೆ ಸಾಯುವುದೂ ಅದಕ್ಕೇ. ಅವು ಬಾಡಿಗೆ ಖಾತೆಗಳು. ಪೊಲೀಸರು ಒಂದನ್ನು ಮುಚ್ಚಿಸಿದರೆ ಇನ್ನೊಂದು ತಯಾರಿರುತ್ತದೆ. ಮೊದಲ 500 ಬಂದದ್ದು ನಂಬಿಕೆ ಹುಟ್ಟಿಸಲು, ಮೀನಿಗೆ ಎರೆಹುಳು ಹಾಕಿದ ಹಾಗೆ. 6,000 ಕಟ್ಟಿದರೆ ಮುಂದಿನ ಮಾತು ಏನು ಅಂತಲೂ ಹೇಳಬಹುದು: ‘ಅಕೌಂಟ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿದೆ, ತಿದ್ದಲು ಇಷ್ಟು’, ಆಮೇಲೆ ‘ಟರ್ನ್‌ಓವರ್ ಸಾಲದು, ಮೂರು ಪಟ್ಟು ಆಡಿ’, ಆಮೇಲೆ ‘ವಿಐಪಿ ಲೆವೆಲ್ ಆದರೆ ತಕ್ಷಣ ವಿತ್‌ಡ್ರಾ’. ನೀವು ನಿಲ್ಲಿಸುವ ತನಕ ಇದು ನಿಲ್ಲುವುದಿಲ್ಲ.

ಇವತ್ತೇ ಮಾಡಬೇಕಾದ ಕೆಲಸಕ್ಕೆ ಬರೋಣ. ಕ್ರಮ ಮುಖ್ಯ, ಆ್ಯಪ್ ಡಿಲೀಟ್ ಮಾಡುವುದು ಮೊದಲಲ್ಲ. ಸಿಟ್ಟಿನಲ್ಲಿ ಮೊದಲು ಡಿಲೀಟ್ ಮಾಡಿದರೆ ಸಾಕ್ಷಿಯೂ ಹೋಗುತ್ತದೆ.

ಆ್ಯಪ್‌ನ ಬ್ಯಾಲೆನ್ಸ್ ಪುಟ, ವಿತ್‌ಡ್ರಾ ಪೆಂಡಿಂಗ್ ಪುಟ, ನಿಮ್ಮ ಯೂಸರ್ ಐಡಿ, ಟೆಲಿಗ್ರಾಂ ಮಾತುಕತೆ, ಆ ಖಾತೆಯ ಯೂಸರ್‌ನೇಮ್, ಲಿಂಕ್ ಕಳಿಸಿದವರ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಯುಪಿಐ ಆ್ಯಪ್‌ನಲ್ಲಿ ಪ್ರತಿ ಪಾವತಿಯನ್ನೂ ತೆರೆದು 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ದಿನ, ಸಮಯ, ಮೊತ್ತ, ಹಣ ಹೋದ ಯುಪಿಐ ಐಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಮಾತಾಡುವಾಗ ಸ್ಕ್ರೀನ್‌ಶಾಟ್ ಹುಡುಕುತ್ತ ಕೂರುವುದಕ್ಕಿಂತ ಹಾಳೆ ಮೇಲು.

ಹಾಳೆ ಕೈಯಲ್ಲಿ ಹಿಡಿದು 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಹಣಕಾಸು ವಂಚನೆ ವಿಭಾಗದಲ್ಲಿ ನೀವೇ ದಾಖಲಿಸಿ. ದೂರಿನಲ್ಲಿ ಮೊತ್ತ 38,400 ಅಂತ ಬರೆಸಬೇಡಿ. ನಿಮ್ಮ ಖಾತೆಯಿಂದ ಹೋದದ್ದನ್ನು ಮಾತ್ರ ಒಂದೊಂದು ಯುಟಿಆರ್ ಪ್ರಕಾರ ಬರೆಸಿ, ಬಂದ 500 ಅನ್ನೂ ಮುಚ್ಚಿಡಬೇಡಿ. ಪರದೆಯ ಮೊತ್ತ ಬರೆಸಿದರೆ ಬ್ಯಾಂಕಿನ ದಾಖಲೆಯ ಜೊತೆ ತಾಳೆಯಾಗದೆ ಅಲ್ಲೇ ಒಂದು ತಡ ಹುಟ್ಟಿಕೊಳ್ಳುತ್ತದೆ. ಕೊನೆಗೆ ಒಂದು ದೂರಿನ ನಂಬರ್ ಸಿಗುತ್ತದೆ. ಅದೇ ಮುಂದಿನ ಎಲ್ಲದಕ್ಕೂ ಆಧಾರ.

ಇಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ. ದೂರು ದಾಖಲಾದ ಕೂಡಲೇ ಹಣ ಹೋದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಅಲ್ಲಿ ಇನ್ನೂ ಉಳಿದಿರುವಷ್ಟನ್ನು ಅವರು ತಡೆದಿಡುತ್ತಾರೆ. ಆದರೆ ಕಳ್ಳರು ಒಂದು ಖಾತೆಯಿಂದ ನಾಲ್ಕಕ್ಕೆ, ಅಲ್ಲಿಂದ ಎಟಿಎಂಗೆ ಸಾಗಿಸುತ್ತಲೇ ಇರುತ್ತಾರೆ. ನೀವು ಕಟ್ಟಿ ಕೆಲವು ದಿನ ಆಗಿದೆ, ಹಾಗಾಗಿ ಪೂರ್ತಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಕೊನೆಯ ಪಾವತಿಯದು ಸ್ವಲ್ಪ ಸಿಗಬಹುದು. ತಡೆದಿಟ್ಟ ಹಣವೂ ತಾನಾಗಿ ವಾಪಸ್ ಬರುವುದಿಲ್ಲ, ಅದನ್ನು ಬಿಡಿಸಲು ಆದೇಶ ಬೇಕಾಗಬಹುದು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರಿನ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿ ತೆಗೆದುಕೊಂಡು ಹೋಗಿ ವಿಚಾರಿಸಿ.

‘ಆಟ ಆಡಿದ್ದೇ ತಪ್ಪು, ಠಾಣೆಗೆ ಹೋದರೆ ನನ್ನನ್ನೇ ಹಿಡಿಯುತ್ತಾರೆ’ ಅಂತ ಬಹಳ ಜನ ಸುಮ್ಮನಾಗುತ್ತಾರೆ, ಕಳ್ಳರಿಗೆ ಅದೇ ಬೇಕು. 2025ರ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣದ ವಹಿವಾಟು ಮಾಡಿಕೊಡುವವರಿಗೆ. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ. ಬರೀ ಆಡಿ ಕಳೆದುಕೊಂಡವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆದರೆ ‘ನಿಮ್ಮ ಖಾತೆ ಕೊಡಿ, ದಿನಕ್ಕೆ ಇಷ್ಟು ಕಮಿಷನ್’ ಅನ್ನುವ ಮಾತಿಗೆ ಒಪ್ಪಿ ಪಾಸ್‌ಬುಕ್, ಎಟಿಎಂ, ಸಿಮ್ ಕೊಟ್ಟರೆ ಕಥೆಯೇ ಬೇರೆ. ಆಗ ನೀವು ದೂರುದಾರರಲ್ಲ, ಆರೋಪಿ.

ಹಾಲು, ಬೆಳೆಯ ದುಡ್ಡನ್ನೇ ನಂಬಿದ ನಮ್ಮಂಥವರಿಗೆ ಇನ್ನೂ ದೊಡ್ಡ ಅಪಾಯ ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಿಮಗೆ ಬಂದ ಆ 500 ಎಲ್ಲಿಂದ ಬಂತು? ಬೇರೆ ಯಾರೋ ಮೋಸಹೋದವರ ಹಣ ಅದು. ಅವರು ತಮ್ಮೂರಲ್ಲಿ ದೂರು ಕೊಟ್ಟರೆ ಹಣದ ಜಾಡು ಹಿಡಿದು ನಿಮ್ಮ ಖಾತೆಗೂ ತಡೆ ಬೀಳಬಹುದು, ಅದೂ ಹೊರ ರಾಜ್ಯದ ಠಾಣೆಯಿಂದ. ಕೆಲವೊಮ್ಮೆ ಆ ಮೊತ್ತಕ್ಕೆ ಮಾತ್ರ ತಡೆ (ಲೀನ್) ಹಾಕುತ್ತಾರೆ, ಕೆಲವೊಮ್ಮೆ ಇಡೀ ಖಾತೆಯಿಂದ ಹಣ ತೆಗೆಯದಂತೆ ಮಾಡುತ್ತಾರೆ. ಆ ಖಾತೆಗೇ ಡೇರಿಯ ಹಾಲಿನ ಬಟವಾಡೆ, ಪಿಎಂ ಕಿಸಾನ್‌ನ 2,000, ಬೆಳೆ ಪರಿಹಾರ ಬರುತ್ತಿದ್ದರೆ ಎಲ್ಲ ಒಳಗೆ ಬಂದು ಕೂರುತ್ತದೆ, ತೆಗೆಯಲು ಆಗುವುದಿಲ್ಲ. ಸೊಸೈಟಿಯ ಶೂನ್ಯ ಬಡ್ಡಿ ಬೆಳೆ ಸಾಲದ ಗಡುವು ಅದೇ ಸಮಯಕ್ಕೆ ಬಂದು, ಕಟ್ಟಲು ಇಟ್ಟ ಹಣ ಅಲ್ಲೇ ಸಿಕ್ಕಿಕೊಂಡರೆ ಬಡ್ಡಿ ರಿಯಾಯಿತಿಯೂ ಕೈತಪ್ಪುತ್ತದೆ. 500 ರೂಪಾಯಿ ಗೆಲುವಿನ ಬೆಲೆ ಇಷ್ಟಾಗಬಹುದು.

ಹಾಗೇನಾದರೂ ಖಾತೆ ನಿಂತರೆ ಬ್ಯಾಂಕ್ ಮ್ಯಾನೇಜರ್ ಜೊತೆ ಜಗಳ ಆಡಿ ಪ್ರಯೋಜನವಿಲ್ಲ, ಬೀಗ ಅವರ ಕೈಯಲ್ಲಿಲ್ಲ. ಅವರಿಂದ ಬರವಣಿಗೆಯಲ್ಲಿ ನಾಲ್ಕು ವಿಷಯ ತೆಗೆದುಕೊಳ್ಳಿ: ತಡೆ ಹಾಕಿಸಿದ ಠಾಣೆ ಮತ್ತು ಅದರ ಇಮೇಲ್, ದೂರಿನ ನಂಬರ್, ವಿವಾದದ ಮೊತ್ತ, ಆ ಮೊತ್ತ ಬಂದ ವಹಿವಾಟಿನ ಯುಟಿಆರ್. ಆ ಠಾಣೆಗೆ ಇಮೇಲ್ ಮಾಡಿ, ಬ್ಯಾಂಕಿಗೂ ಒಂದು ಪ್ರತಿ ಹಾಕಿ. ಹಣ ಹೇಗೆ ಬಂತು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ, ನಿಮ್ಮದೇ 1930 ದೂರಿನ ನಂಬರ್ ಕೊಡಿ, ವಿವಾದದ ಮೊತ್ತವನ್ನು ಮಾತ್ರ ತಡೆದಿಟ್ಟು ಉಳಿದ ಖಾತೆ ಬಿಡಿ ಅಂತ ಕೇಳಿ. ಜೊತೆಗೆ ಹಾಲಿನ ಬಟವಾಡೆ, ಸಹಾಯಧನ ಬರುವ ಸಾಲುಗಳಿಗೆ ಗುರುತು ಹಾಕಿದ ಆರು ತಿಂಗಳ ಸ್ಟೇಟ್‌ಮೆಂಟ್ ಲಗತ್ತಿಸಿ. ನಿಮ್ಮ ದೂರು ಮೊದಲೇ ದಾಖಲಾಗಿದ್ದರೆ ಇಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಸುಮ್ಮನಿರಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಅಲ್ಲಿಯವರೆಗೆ ಸಹಾಯಧನ ಬೇರೆ ಖಾತೆಗೆ ತಿರುಗಿಸಬಹುದು. ಇನ್ನೊಂದು ಬ್ಯಾಂಕಿನಲ್ಲೋ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲೋ ಖಾತೆ ತೆರೆದು, ಆಧಾರ್ ಸೀಡಿಂಗ್ (ಸಹಾಯಧನಕ್ಕಾಗಿ ಖಾತೆಗೆ ಆಧಾರ್ ಜೋಡಿಸುವ) ಒಪ್ಪಿಗೆ ಫಾರಂ ಕೊಡಿ. ಆಧಾರ್ ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ, ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಅಂತ ಬರೆದಿಡುವ ಎನ್‌ಪಿಸಿಐ ಮ್ಯಾಪರ್ ಪಟ್ಟಿಯಲ್ಲಿ ಬದಲಾಗಬೇಕು. ಮೈ ಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಈಗ ಯಾವ ಬ್ಯಾಂಕಿಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಡೇರಿ ಕಾರ್ಯದರ್ಶಿಗೆ ಹೊಸ ಖಾತೆ ನಂಬರ್ ಬೇರೆಯಾಗಿ ಕೊಡಿ.

ಇನ್ನು ಫೋನ್. ಸಾಕ್ಷಿ ತೆಗೆದು ದೂರು ಕೊಟ್ಟ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಎಸ್‌ಎಂಎಸ್, ಆ್ಯಕ್ಸೆಸಿಬಿಲಿಟಿ (ಪರದೆ ಓದುವ) ಅನುಮತಿ ಇದೆಯಾ ನೋಡಿ. ಇದ್ದರೆ ನಿಮ್ಮ ಒಟಿಪಿಗಳನ್ನು ಅದು ಓದಿರಬಹುದು. ಅನುಮತಿ ತೆಗೆದು ಅನ್‌ಇನ್‌ಸ್ಟಾಲ್ ಮಾಡಿ. ಬಟನ್ ಒತ್ತಲು ಬಿಡದಿದ್ದರೆ ಡಿವೈಸ್ ಅಡ್ಮಿನ್ ಪಟ್ಟಿಯಿಂದ ಮೊದಲು ತೆಗೆಯಬೇಕು. ಅದೂ ಆಗದಿದ್ದರೆ ಫೋಟೊ, ನಂಬರ್‌ಗಳನ್ನೂ ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳನ್ನೂ ಬೇರೆ ಕಡೆ ಇಳಿಸಿಕೊಂಡು ಫ್ಯಾಕ್ಟರಿ ರೀಸೆಟ್. ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿದ್ದರೆ ಅದನ್ನೂ ಕಿತ್ತುಹಾಕಿ. ಯುಪಿಐ ಪಿನ್ ಬದಲಾಯಿಸಿ, ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ್ದು ಇದ್ದರೆ ರದ್ದು ಮಾಡಿ.

ಆಧಾರ್, ಪ್ಯಾನ್ ಫೋಟೊ ಈಗಾಗಲೇ ಕಳಿಸಿದ್ದೀರಿ ಅಂದಿದ್ದೀರಿ. ವಾಪಸ್ ಪಡೆಯಲು ಆಗದು, ಆದರೆ ಕಾವಲು ಇಡಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಕ್ರೆಡಿಟ್ ರಿಪೋರ್ಟ್ (ನಿಮ್ಮ ಸಾಲಗಳ ಪಟ್ಟಿ) ಸಿಬಿಲ್‌ನಂಥ ಪ್ರತಿ ಸಂಸ್ಥೆಯಿಂದ ವರ್ಷಕ್ಕೆ ಒಂದು ಉಚಿತ, ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದರೆ ಅಲ್ಲಿ ಸಿಗುತ್ತದೆ. ಎರಡು ಮೂರು ತಿಂಗಳ ಅಂತರದಲ್ಲಿ ಒಂದೊಂದು ಸಂಸ್ಥೆಯದು ತೆಗೆಯಿರಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು ಒಳ್ಳೆಯದೇ, ಆದರೆ ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ನಿಮ್ಮ ಹೆಬ್ಬೆಟ್ಟು ತಗಲುವುದಿಲ್ಲ. ರೇಷನ್ ತರುವ ದಿನ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಲಾಕ್ ಸ್ವಲ್ಪ ಹೊತ್ತು ತೆರೆದು ಹೋಗಿ.

ಹೋದದ್ದನ್ನು ಆಡಿಯೇ ವಾಪಸ್ ತರುತ್ತೇನೆ ಅನ್ನಿಸುತ್ತಿದ್ದರೆ, ರಾತ್ರಿ ನಿದ್ದೆ ಬಿಟ್ಟು ಫೋನ್ ನೋಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾತಾಡಿ, ಉಚಿತ, ಕನ್ನಡದಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಆನ್‌ಲೈನ್ ಆಟದ ಚಟಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಮನೆಯವರಿಗೂ ಹೇಳಿ. ಬಚ್ಚಿಟ್ಟರೆ ಸಾಲ ಮಾಡಿ ಕಟ್ಟುವ ಯೋಚನೆ ಬರುತ್ತದೆ.

ಕೊನೆಯದಾಗಿ, ನೀವು ಪ್ರಶ್ನೆಯ ಜೊತೆ ಹಾಕಿರುವ ಚಿತ್ರದಲ್ಲಿ ಖಾತೆ ನಂಬರ್, ಮೊಬೈಲ್ ನಂಬರ್ ಎರಡೂ ಕಾಣುತ್ತಿವೆ. ಈಗಲೇ ತೆಗೆದುಹಾಕಿ. ಇಷ್ಟೊತ್ತಿಗೆ ‘ಕಳೆದುಕೊಂಡ ಹಣ ಕೊಡಿಸುತ್ತೇವೆ, ಸೈಬರ್ ಸೆಲ್‌ನಲ್ಲಿ ನಮ್ಮವರಿದ್ದಾರೆ’ ಅಂತ ಯಾರಾದರೂ ಇನ್‌ಬಾಕ್ಸ್‌ಗೆ ಬಂದಿದ್ದರೆ ಅವರೂ ಅಂಥದೇ ಕಳ್ಳರ ಗುಂಪಿನ ಜನ, ಅವರ ಮುಂದಿನ ಮೆಸೇಜ್‌ನಲ್ಲಿ ‘ಫೈಲ್ ಚಾರ್ಜ್’ ಕೇಳುತ್ತಾರೆ. ಉತ್ತರ ಕೊಡದೆ ಬ್ಲಾಕ್ ಮಾಡಿ, ಆ ನಂಬರನ್ನೂ ದೂರಿನ ಹಾಳೆಗೆ ಸೇರಿಸಿ.